ದಿನವನ್ನು ನೀವೇ ಆರಿಸಿಕೊಳ್ಳಿ

ಮೈಸೂರು
ವಿಜಯದಶಮಿಯ ಮರುದಿನ

ಪ್ರೀತಿಯ ಗೆಳತಿ,

ನಿಮ್ಮ ಕಾಗದ ಬಂದು ನಾಲ್ಕು ದಿನವಾಯಿತು. ದಸರೆಗೆ ಬಂದ ನೆಂಟರ ಗದ್ದಲದಲ್ಲಿ ಉತ್ತರ ಬರೆಯಲು ಕೂರಲಾಗಲಿಲ್ಲ. ಇವತ್ತು ಮನೆ ಖಾಲಿಯಾಗಿದೆ. ಬೊಂಬೆಗಳನ್ನು ಇನ್ನೂ ಇಳಿಸಿಲ್ಲ, ಅವುಗಳ ಎದುರಿಗೇ ಕೂತು ಬರೆಯುತ್ತಿದ್ದೇನೆ.

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿದ್ದುದನ್ನು ನೀವು ಹಾಗೇ ಇಳಿಸಿ ಕಳಿಸಿದ್ದೀರಿ. ಪಿತ್ತಕೋಶದಲ್ಲಿ ಹಲವು ಕಲ್ಲುಗಳಿವೆ, ದೊಡ್ಡದು 9 ಮಿಲಿಮೀಟರ್. ಪಿತ್ತನಾಳ ಹಿಗ್ಗಿಲ್ಲ. ಆರು ತಿಂಗಳಲ್ಲಿ ಮೂರು ಸಲ ನೋವು ಬಂದಿದೆ. ಶಿವಮೊಗ್ಗದ ಸರ್ಜನ್ ‘ತೆಗೆಸಿಬಿಡಿ, ತಡ ಮಾಡಬೇಡಿ’ ಎಂದಿದ್ದಾರೆ. ಅದರ ಕೆಳಗೇ ನೀವು ಬರೆದಿದ್ದೀರಿ: ‘ಅಡಿಕೆ ಕೊಯ್ಲು ಮುಗಿಯಲಿ, ಮಗಳ ಪಿಯುಸಿ ಪರೀಕ್ಷೆಯೂ ಕಳೆಯಲಿ, ಬೇಸಿಗೆಯಲ್ಲಿ ನೋಡಿದರಾಯಿತು.’

ಈ ಒಂದು ಸಾಲಿಗಾಗಿಯೇ ಇಷ್ಟು ಉದ್ದದ ಉತ್ತರ ಬರೆಯಲು ಹೊರಟಿದ್ದೇನೆ.

ನಾನೂ ಎರಡು ವರ್ಷ ಹೀಗೇ ದಿನ ತಳ್ಳಿದವಳು. ಹೊಟ್ಟೆಯ ಮೇಲ್ಭಾಗದಲ್ಲಿ ಏನೇ ಆದರೂ ನಮ್ಮ ಮನೆಗಳಲ್ಲಿ ಅದಕ್ಕೆ ಒಂದೇ ಹೆಸರು, ಗ್ಯಾಸ್ಟ್ರಿಕ್. ನನ್ನ ನೋವಿಗೂ ಅದೇ ಹೆಸರಿಟ್ಟು ಜೀರಿಗೆ ಕಷಾಯ, ಸೋಡಾ, ಮೆಡಿಕಲ್ ಶಾಪಿನ ಮಾತ್ರೆಗಳಲ್ಲಿ ಕಾಲ ಕಳೆದೆ. ನೋವು ಒಂದೆರಡು ಗಂಟೆ ಇದ್ದು ತಾನಾಗಿ ಹೋಗುತ್ತಿತ್ತು, ಹೋದ ಮೇಲೆ ಅದರ ಭಯವೂ ಹೋಗುತ್ತಿತ್ತು. ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡ ಮೇಲೂ ಮಗನ ಪರೀಕ್ಷೆ, ನಾದಿನಿಯ ಬಾಣಂತನ, ಮಾವನವರ ವೈದಿಕ ಎಂದು ಮುಂದಕ್ಕೆ ಹಾಕಿದೆ.

ತಂಗಿಯ ಮಗಳ ಮದುವೆಯ ಹಿಂದಿನ ರಾತ್ರಿ ಅದು. ಊಟಕ್ಕೆ ಒಬ್ಬಟ್ಟು, ಮೇಲೆ ಧಾರಾಳ ತುಪ್ಪ. ಮಲಗಿ ಒಂದು ಗಂಟೆಯಾಗಿರಬೇಕು, ಬಲ ಪಕ್ಕೆಲುಬಿನ ಕೆಳಗೆ ಶುರುವಾದ ನೋವು ಏರುತ್ತ ಏರುತ್ತ ಬೆನ್ನಿಗೆ ಹಾದು ಬಲ ಹೆಗಲ ಮೂಳೆಯ ಹಿಂದೆ ಗೂಟ ಹೊಡೆದಂತೆ ನಿಂತುಬಿಟ್ಟಿತು. ಕೂತರೂ ಆಗದು, ಮಲಗಿದರೂ ಆಗದು. ಛತ್ರದ ಹಿತ್ತಲ ಮೆಟ್ಟಿಲ ಮೇಲೆ, ಬೆಳಗಿನ ಪೂಜೆಗೆ ತಂದಿಟ್ಟ ಹೂವಿನ ಬುಟ್ಟಿಗಳ ಪಕ್ಕದಲ್ಲಿ ಮುದುಡಿ ಕೂತಿದ್ದೆ. ವಾಂತಿಯಾದರೂ ನೋವು ಇಳಿಯಲಿಲ್ಲ. ಬೆಳಗಿನ ಜಾವ ಚಳಿಜ್ವರ ಬಂತು. ಮುಹೂರ್ತದ ಹೊತ್ತಿಗೆ ನಾನು ಆಸ್ಪತ್ರೆಯ ಹಾಸಿಗೆಯಲ್ಲಿದ್ದೆ. ಮರುದಿನ ಕಣ್ಣಿನ ಬಿಳಿಭಾಗ ಹಳದಿಯಾಯಿತು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಒಂದು ಪುಟ್ಟ ಕಲ್ಲು ಪಿತ್ತಕೋಶದಿಂದ ಜಾರಿ ಮುಖ್ಯ ಪಿತ್ತನಾಳದಲ್ಲಿ ಸಿಕ್ಕಿಕೊಂಡಿತ್ತು. ಮೊದಲು ಬಾಯಿಯಿಂದ ಎಂಡೋಸ್ಕೋಪಿ ಕೊಳವೆ ಇಳಿಸಿ ಅದನ್ನು ತೆಗೆದರು. ಇ.ಆರ್.ಸಿ.ಪಿ. ಅನ್ನುತ್ತಾರೆ ಅದಕ್ಕೆ. ಸೋಂಕು ಇಳಿದ ಮೇಲೆ ಪಿತ್ತಕೋಶದ ಆಪರೇಷನ್. ಒಟ್ಟು 9 ದಿನ ಆಸ್ಪತ್ರೆ. ಮಗುವಾಗಿದ್ದಾಗ ಎತ್ತಿ ಆಡಿಸಿದ ಹುಡುಗಿಯ ಧಾರೆಯನ್ನು ನಾನು ಫೋನಿನಲ್ಲಿ ನೋಡಿದೆ.

ನನ್ನ ಕಲ್ಲು ತನ್ನ ದಿನವನ್ನು ತಾನೇ ಆರಿಸಿಕೊಂಡಿತು. ಒಮ್ಮೆ ನೋವು ಕೊಟ್ಟ ಕಲ್ಲು ಮತ್ತೆ ನೋವು ಕೊಡುವ ಸಂಭವವೇ ಹೆಚ್ಚು. ಅದು ಪಿತ್ತನಾಳಕ್ಕೆ ಜಾರಿದರೆ ಕಾಮಾಲೆ. ಇನ್ನೂ ಕೆಳಗೆ, ಮೇದೋಜೀರಕ ಗ್ರಂಥಿಯ ನಾಳ ಬಂದು ಸೇರುವ ಬಾಯಿಗೆ ಅಡ್ಡಬಂದರೆ ಪ್ಯಾಂಕ್ರಿಯಾಟೈಟಿಸ್, ಅದು ಜೀವಕ್ಕೇ ಬರಬಹುದಾದ ಕಾಯಿಲೆ. ನಿಮ್ಮ ಪಿತ್ತನಾಳ ಈಗ ಸರಿಯಾಗಿದೆ, ಜ್ವರವಿಲ್ಲ, ಕಾಮಾಲೆಯಿಲ್ಲ. ಅಂದರೆ ದಿನ ಇನ್ನೂ ನಿಮ್ಮ ಕೈಯಲ್ಲಿದೆ.

ಈಗ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ.

‘ಕಲ್ಲನ್ನಷ್ಟೇ ತೆಗೆದು ಚೀಲವನ್ನು ಬಿಡಬಾರದೇ?’ ಎಂದು ಕೇಳಿದ್ದೀರಿ. ಪಿತ್ತರಸವನ್ನು ತಯಾರಿಸುವುದು ಲಿವರ್, ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರ್. ಪಿತ್ತಕೋಶ ಅದರಡಿ ಅಂಟಿಕೊಂಡಿರುವ ಬೆರಳುದ್ದದ ಚೀಲ. ಹಿಡಿಸುವುದು 30ರಿಂದ 50 ಮಿಲಿಲೀಟರ್ ಮಾತ್ರ. ಊಟಕ್ಕೂ ಊಟಕ್ಕೂ ನಡುವೆ ಪಿತ್ತರಸವನ್ನು ಗಟ್ಟಿ ಮಾಡಿ ಇಟ್ಟುಕೊಂಡಿದ್ದು, ಜಿಡ್ಡಿನ ಆಹಾರ ಬಂದಾಗ ಹಿಂಡಿ ಕರುಳಿಗೆ ಕೊಡುತ್ತದೆ. ನಿಮ್ಮ ಮನೆಯ ಜೋನಿಬೆಲ್ಲದ ಡಬ್ಬಿಯನ್ನು ನೆನೆಸಿಕೊಳ್ಳಿ. ಬಹಳ ದಿನ ಅಲುಗಾಡದೆ ಇಟ್ಟರೆ ತಳದಲ್ಲಿ ಹರಳುಗಟ್ಟುತ್ತದಲ್ಲ, ಇಲ್ಲೂ ಹೆಚ್ಚುಕಡಿಮೆ ಹಾಗೇ. ಪಿತ್ತರಸದಲ್ಲಿ ಕರಗಿರಬೇಕಾದ ಕೊಲೆಸ್ಟರಾಲ್ ಪ್ರಮಾಣ ಮೀರಿದರೆ, ಚೀಲ ಸರಿಯಾಗಿ ಹಿಂಡಿಕೊಳ್ಳದಿದ್ದರೆ, ಹರಳು ಮೂಡಿ ಮೂಡಿ ಕಲ್ಲಾಗುತ್ತದೆ. ಬಸಿರು, ಹೆಣ್ಣಿನ ಹಾರ್ಮೋನುಗಳು, ಏರುವ ವಯಸ್ಸು, ಮೈತೂಕ, ಸಕ್ಕರೆ ಕಾಯಿಲೆ, ಒಮ್ಮೆಲೇ ತೂಕ ಇಳಿಸುವುದು, ಉದ್ದುದ್ದ ಉಪವಾಸ, ಇವೆಲ್ಲ ಅದಕ್ಕೆ ಒತ್ತಾಸೆ. ಡಬ್ಬಿ ಅದೇ, ಬೆಲ್ಲವೂ ಅದೇ ಆದರೆ ಹರಳು ಕೆರೆದು ತೆಗೆದರೂ ಮತ್ತೆ ಕಟ್ಟುತ್ತದೆ. ಚೀಲವನ್ನೇ ತೆಗೆಯುವುದು ಅದಕ್ಕೆ.

‘ದೇವರು ಕೊಟ್ಟ ಅಂಗ ತೆಗೆದ ಮೇಲೆ ಮೊದಲಿನ ಹಾಗೆ ಇರಲಾದೀತೇ?’ ಎಂದೂ ಕೇಳಿದ್ದೀರಿ. ನಿನ್ನೆ ಜಂಬೂಸವಾರಿ ನೋಡುವಾಗ ನಿಮ್ಮ ಈ ಮಾತೇ ನೆನಪಾಯಿತು. 750 ಕಿಲೋ ಭಾರದ ಅಂಬಾರಿ ಹೊತ್ತು ನಡೆಯುವ ಆನೆಗೆ ಪಿತ್ತಕೋಶವೆಂಬ ಚೀಲವೇ ಇಲ್ಲ. ಮೆರವಣಿಗೆಯಲ್ಲಿ ಬರುವ ಕುದುರೆಗಳಿಗೂ ಇಲ್ಲ. ಅವುಗಳಲ್ಲಿ ಲಿವರ್‌ನ ಪಿತ್ತರಸ ನೇರವಾಗಿ ಕರುಳಿಗೆ ಇಳಿಯುತ್ತದೆ. ಆಪರೇಷನ್ ಆದ ಮೇಲೆ ನಮ್ಮಲ್ಲೂ ಹಾಗೇ. ಪಿತ್ತರಸ ನಿಲ್ಲುವುದಿಲ್ಲ, ಗೋದಾಮಿನಲ್ಲಿ ತಂಗದೆ ಹನಿಹನಿಯಾಗಿ ಇಳಿಯುತ್ತಿರುತ್ತದೆ. ಇದಕ್ಕೆ ಹೊಂದಿಕೊಳ್ಳಲು ಕರುಳಿಗೆ ಕೆಲವು ವಾರ ಬೇಕು, ಅಷ್ಟೇ.

ಅತ್ತೆಯವರು ಬಾಳೆದಿಂಡಿನ ರಸ ಕುಡಿಯಲು ಹೇಳಿದ್ದಾರೆಂದು ಬರೆದಿದ್ದೀರಿ. ಅವರ ಅಕ್ಕರೆ ದೊಡ್ಡದು, ಅದಕ್ಕೆ ನೋವಾಗದಂತೆ ಹೇಳಿ: ಬಾಳೆದಿಂಡಿನ ಮದ್ದನ್ನು ಹಿರಿಯರು ಹೇಳುತ್ತ ಬಂದದ್ದು ಮೂತ್ರದ ಕಲ್ಲಿಗೆ. ಕಿಡ್ನಿಯ ಕಲ್ಲಿನ ದಾರಿ ಬೇರೆ, ಅದು ಮೂತ್ರದಲ್ಲಿ ಹೊರಬರಬಹುದು. ಪಿತ್ತಕೋಶದ ಕಲ್ಲು ಹೊರಡುವ ದಾರಿಯಲ್ಲೇ ಅಪಾಯವಿದೆ. ಮುರುಗಲ ಹಣ್ಣಿನ ಪಾನಕ ಬಾಯಿಗೆ ಹಿತ, ಕಲ್ಲನ್ನು ಕರಗಿಸುವುದಿಲ್ಲ. ಆಲಿವ್ ಎಣ್ಣೆ, ನಿಂಬೆರಸ ಕುಡಿದರೆ ಹಸಿರು ಉಂಡೆಗಳು ಬೀಳುತ್ತವೆ ಎಂದು ಯಾರೋ ವಿಡಿಯೊ ಕಳಿಸಿದ್ದಾರಂತಲ್ಲ, ಆ ಉಂಡೆಗಳು ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನ ಹಾಗೆ ಗಟ್ಟಿಯಾದದ್ದು. ಕಲ್ಲುಗಳು ಇದ್ದಲ್ಲೇ ಇರುತ್ತವೆ. ಕರಗಿಸುವ ಮಾತ್ರೆಯೊಂದು ನಿಜವಾಗಿಯೂ ಇದೆ. ಅದು ಸಣ್ಣ ಕೊಲೆಸ್ಟರಾಲ್ ಕಲ್ಲುಗಳಿಗೆ ಮಾತ್ರ, ತಿಂಗಳುಗಟ್ಟಲೆ ನುಂಗಬೇಕು, ನಿಲ್ಲಿಸಿದ ಕೆಲವು ವರ್ಷಗಳಲ್ಲಿ ಬಹಳ ಜನರಿಗೆ ಕಲ್ಲು ಮರಳುತ್ತದೆ.

ಒಂದು ಮಾತು ನಿಮ್ಮ ಓರಗಿತ್ತಿಗೂ ಹೇಳಿ. ಅವರಿಗೂ ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ಕಲ್ಲು ಕಂಡಿತೆಂದು, ಆದರೆ ಒಂದು ದಿನವೂ ನೋವು ಬಂದಿಲ್ಲವೆಂದು ಬರೆದಿದ್ದೀರಿ. ಅಂಥ ಸುಮ್ಮನಿರುವ ಕಲ್ಲುಗಳಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ನಿಮ್ಮನ್ನು ನೋಡಿ ಅವರು ಹೆದರುವುದು ಬೇಡ, ವೈದ್ಯರ ಗಮನದಲ್ಲಿದ್ದರೆ ಸಾಕು. ನಿಮ್ಮ ಕಲ್ಲು ಮೂರು ಸಲ ಮಾತಾಡಿದೆ, ಆದ್ದರಿಂದ ನಿಮ್ಮ ಲೆಕ್ಕ ಬೇರೆ.

ಆಪರೇಷನ್ ಅಂದರೆ ನಿಮ್ಮ ಕಣ್ಣಮುಂದೆ ಬರುವುದು ನಿಮ್ಮ ದೊಡ್ಡಮ್ಮನ ಹೊಟ್ಟೆಯ ಮೇಲಿನ ಗೇಣುದ್ದದ ಗಾಯ. ಆ ಕಾಲ ಬೇರೆ. ಪಿತ್ತಕೋಶವನ್ನು ಮೊದಲ ಬಾರಿಗೆ ತೆಗೆದದ್ದು 1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್. ಅಲ್ಲಿಂದ ಮುಂದೆ ನೂರು ವರ್ಷ ಹೊಟ್ಟೆ ಕೊಯ್ದೇ ಮಾಡುತ್ತಿದ್ದರು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಸಣ್ಣ ರಂಧ್ರಗಳ ಮೂಲಕ ದುರ್ಬೀನಿನಿಂದ ನೋಡುತ್ತ ಈ ಕೆಲಸ ಮಾಡಿ ತೋರಿಸಿದರು. ಐದೇ ವರ್ಷದಲ್ಲಿ, 1990ರಲ್ಲಿ, ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅದನ್ನು ನಮ್ಮ ದೇಶಕ್ಕೆ ತಂದರು. ಸರ್ಕಾರಿ ಆಸ್ಪತ್ರೆಗೆ ಬರುವ ಬಡವರಿಗೇ ಬೇಗ ಎದ್ದು ಕೂಲಿಗೆ ಹೋಗುವ ಅಗತ್ಯ ಹೆಚ್ಚು. ಆ ಕಣ್ಣಿನಿಂದ ನೋಡಿದರೆ ಈ ವಿದ್ಯೆ ಅಂಥ ಆಸ್ಪತ್ರೆಯಲ್ಲೇ ಬೇರೂರಿದ್ದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ಈಗ ಸಾಮಾನ್ಯವಾಗಿ ನಾಲ್ಕು ಸಣ್ಣ ರಂಧ್ರ. ಹೊಕ್ಕುಳಲ್ಲಿ ಒಂದು, ಎದೆಗೂಡಿನ ಕೆಳಗೆ ಒಂದು, ಬಲಗಡೆ ಅರ್ಧ ಸೆಂಟಿಮೀಟರಿನ ಎರಡು. ಹೊಟ್ಟೆಯೊಳಗೆ ಜಾಗವಾಗಲೆಂದು ಕಾರ್ಬನ್ ಡೈಆಕ್ಸೈಡ್ ಗಾಳಿ ತುಂಬುತ್ತಾರೆ. ಕ್ಯಾಮೆರಾದ ಚಿತ್ರ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ಪಿತ್ತಕೋಶದ ನಾಳಕ್ಕೂ ರಕ್ತನಾಳಕ್ಕೂ ಪುಟ್ಟ ಕ್ಲಿಪ್ ಹಾಕಿ ಕತ್ತರಿಸಿ, ಚೀಲವನ್ನು ಲಿವರ್‌ನಿಂದ ಬಿಡಿಸಿ, ರಂಧ್ರದ ಮೂಲಕವೇ ಹೊರಗೆ ತೆಗೆಯುತ್ತಾರೆ. ತೊಡಕಿಲ್ಲದಿದ್ದರೆ ಒಂದು ಗಂಟೆಯ ಆಸುಪಾಸು. ನಮಗೆ ಪೂರ್ತಿ ಅರಿವಳಿಕೆ, ಏನೂ ತಿಳಿಯುವುದಿಲ್ಲ. ಒಳಗೆ ಊತ ಹೆಚ್ಚಿದ್ದು ನಾಳಗಳು ಸ್ಪಷ್ಟವಾಗಿ ಕಾಣದಿದ್ದರೆ ಹೊಟ್ಟೆ ತೆರೆದು ಮಾಡುವ ಹಳೆಯ ವಿಧಾನಕ್ಕೆ ಹೊರಳುತ್ತಾರೆ. ಹಾಗಾದರೆ ಅದನ್ನು ಸೋಲು ಎಂದುಕೊಳ್ಳಬೇಡಿ. ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗುವುದು ಅಪರೂಪ, ಆದರೆ ಹಾಗಾದಲ್ಲಿ ದೊಡ್ಡ ತೊಂದರೆ. ಕಾಣದ ಕಡೆ ಕತ್ತರಿ ಆಡಿಸದ ಸರ್ಜನ್ನೇ ಒಳ್ಳೆಯ ಸರ್ಜನ್. ಊತ ಹೆಚ್ಚುವ ಮೊದಲೇ ಮಾಡಿಸಿ ಎನ್ನಲು ಇದೂ ಒಂದು ಕಾರಣ.

ಇನ್ನು ತಯಾರಿ. ಸರ್ಜನ್ ಬಳಿ ಹೋಗುವಾಗ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಪಿತ್ತನಾಳದಲ್ಲಿ ಕಲ್ಲಿಲ್ಲವೆಂಬುದು ಖಚಿತವೇ, ಲಿವರ್‌ನ ರಕ್ತ ಪರೀಕ್ಷೆ ಏನು ಹೇಳುತ್ತದೆ, ಪಿತ್ತನಾಳವನ್ನು ತೋರಿಸುವ ಎಂ.ಆರ್.ಸಿ.ಪಿ. ಸ್ಕ್ಯಾನ್ ಬೇಕೇ, ಮನೆಗೆ ಬಂದ ಮೇಲೆ ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು. ಇಷ್ಟು ಕೇಳುವುದು ನಿಮ್ಮ ಹಕ್ಕು. ಅರಿವಳಿಕೆ ವೈದ್ಯರು ಬೇರೆಯಾಗಿ ನೋಡುತ್ತಾರೆ: ಇ.ಸಿ.ಜಿ., ರಕ್ತ ಪರೀಕ್ಷೆ, ಬಿ.ಪಿ., ಶುಗರ್. ಅವರ ಹತ್ತಿರ ಏನನ್ನೂ ಮುಚ್ಚಿಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ, ಥೈರಾಯ್ಡ್ ಮಾತ್ರೆ, ಪಂಡಿತರು ಕೊಟ್ಟ ಚೂರ್ಣ, ಹಿಂದೆ ಯಾವ ಔಷಧಿಗೆ ಮೈ ತುರಿಸಿತ್ತು, ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲು, ಎಲ್ಲ ಹೇಳಿ. ಯಾವ ಮಾತ್ರೆಯನ್ನು ಯಾವತ್ತು ನಿಲ್ಲಿಸಬೇಕು, ಯಾವುದನ್ನು ಆ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗಬೇಕು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಸಕ್ಕರೆ ಕಾಯಿಲೆಯ ಮಾತ್ರೆಗಳ ವಿಷಯದಲ್ಲಂತೂ ನಾವಾಗಿ ತೀರ್ಮಾನಿಸಬಾರದು.

ದಿನ ಗೊತ್ತಾಗುವವರೆಗೆ ಕರಿದದ್ದು, ತುಪ್ಪ, ಬೆಣ್ಣೆ, ಹೆಚ್ಚು ಕಾಯಿಹಾಲಿನ ಅಡುಗೆ ಬಿಡಿ. ಜಿಡ್ಡು ಕಂಡ ಕೂಡಲೇ ಪಿತ್ತಕೋಶ ಹಿಂಡಿಕೊಳ್ಳುತ್ತದೆ, ಕಲ್ಲು ಅದರ ಬಾಯಿಗೆ ಬಂದು ಸಿಕ್ಕಿಕೊಳ್ಳಬಹುದು. ಹಾಗೆಂದು ಊಟವನ್ನೇ ಬಿಡಬೇಡಿ. ಈ ಮಧ್ಯೆ ಎದೆಯ ನಡುವೆ ಒತ್ತಿದಂತಾಗಿ ಬೆವರು ಬಂದರೆ ‘ನನ್ನದು ಕಲ್ಲಿನ ನೋವು’ ಎಂದು ಕೂರಬೇಡಿ. ಹೃದಯದ ನೋವೂ ಇದೇ ಜಾಗದಲ್ಲಿ ಬರಬಹುದು, ಮೊದಲು ಇ.ಸಿ.ಜಿ. ಮಾಡಿಸಿ.

ಉಪವಾಸದ ಲೆಕ್ಕ ಬಹಳ ಮುಖ್ಯ. ಸಾಮಾನ್ಯವಾಗಿ ಊಟ ಆಪರೇಷನ್‌ಗೆ ಕನಿಷ್ಠ 6 ಗಂಟೆ ಮೊದಲೇ ನಿಲ್ಲಬೇಕು, ಬರೀ ನೀರು 2 ಗಂಟೆ ಮೊದಲು. ನಿಮ್ಮ ವೈದ್ಯರು ಹೇಳಿದ ಗಂಟೆಯೇ ಕೊನೆ. ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಅದು ಊಟದ ಲೆಕ್ಕ. ನನ್ನ ಪಕ್ಕದ ಹಾಸಿಗೆಯವರು ಬೆಳಿಗ್ಗೆ ‘ಅರ್ಧ ಲೋಟ ತಾನೇ’ ಎಂದು ಕಾಫಿ ಕುಡಿದಿದ್ದರು. ಅವರ ಆಪರೇಷನ್ ಆ ದಿನ ನಡೆಯಲಿಲ್ಲ. ಅರಿವಳಿಕೆಯಲ್ಲಿದ್ದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ, ಅದಕ್ಕೆ ಇಷ್ಟು ಕಟ್ಟುನಿಟ್ಟು.

ಚೀಲದಲ್ಲಿ ಏನಿಡಬೇಕು? ಮುಂದೆ ಗುಂಡಿಯಿರುವ ಸಡಿಲ ನೈಟಿ ಮೂರು. ಸೀರೆ ಬೇಡ. ಲಂಗದ ಲಾಡಿ ಸರಿಯಾಗಿ ಹೊಕ್ಕುಳ ಗಾಯದ ಮೇಲೇ ಬರುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹಳೆಯ ರಿಪೋರ್ಟುಗಳೆಲ್ಲ, ಮಾತ್ರೆಗಳು, ಮೆತ್ತನೆಯ ಒಂದು ಪುಟ್ಟ ದಿಂಬು. ದಿಂಬು ಯಾಕೆಂದು ಮುಂದೆ ಹೇಳುತ್ತೇನೆ. ಬಳೆ, ಮೂಗುಬೊಟ್ಟು, ಕಾಲುಂಗುರ ಮನೆಯಲ್ಲೇ ತೆಗೆದಿಡಿ. ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಯಂತ್ರ ಸರಿಯಾಗಿ ಓದಲೆಂದು ನೇಲ್ ಪಾಲಿಶ್ ಇದ್ದರೆ ಅಳಿಸಿ. ತಾಳಿ ಬಿಚ್ಚಲು ಮನಸ್ಸು ಒಪ್ಪುವುದಿಲ್ಲವೆಂದು ನನಗೆ ಗೊತ್ತು, ನನ್ನ ಕೈಯೂ ನಡುಗಿತ್ತು. ಥಿಯೇಟರಿನಲ್ಲಿ ವಿದ್ಯುತ್ ಉಪಕರಣ ಬಳಸುವುದರಿಂದ ಮೈಮೇಲೆ ಲೋಹ ಇರಬಾರದು. ನಾನು ಅದನ್ನು ನಮ್ಮ ಯಜಮಾನರ ಅಂಗೈಯಲ್ಲಿಟ್ಟು ಒಳಗೆ ಹೋದೆ. ಹೊರಗೆ ಬಂದಾಗ ಅವರು ಮುಷ್ಟಿ ಹಾಗೇ ಮುಚ್ಚಿಕೊಂಡು ಕೂತಿದ್ದರು.

ಖರ್ಚಿನ ಮಾತು. ನಿಮ್ಮದು ಬಿಪಿಎಲ್ ಕಾರ್ಡ್ ಆಗಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಸೌಲಭ್ಯವಿದೆ. ಸಹಕಾರ ಸೊಸೈಟಿಯ ಸದಸ್ಯರಿಗೆ ಯಶಸ್ವಿನಿ ಯೋಜನೆ ಇದೆ. ನಿಮ್ಮ ಆಪರೇಷನ್ ಯಾವುದರಲ್ಲಿ, ಯಾವ ಆಸ್ಪತ್ರೆಯಲ್ಲಿ ಬರುತ್ತದೆ, ಮೊದಲು ಯಾರ ರೆಫರಲ್ ಬೇಕು ಎಂದು ದಾಖಲಾಗುವ ಮೊದಲೇ ವಿಚಾರಿಸಿ. ಖಾಸಗಿ ವಿಮೆಯಾದರೆ ಪಾಲಿಸಿಯನ್ನು ತೆಗೆದು ನೋಡಿ. ಪಿತ್ತಕೋಶದ ಕಲ್ಲಿಗೆ ಹಲವು ಪಾಲಿಸಿಗಳಲ್ಲಿ ಎರಡು ವರ್ಷ ಕಾಯುವ ಷರತ್ತಿರುತ್ತದೆ.

ಎಚ್ಚರವಾದಾಗ ಗಂಟಲು ಕೆರೆಯುತ್ತದೆ, ಉಸಿರಿಗೆ ಇಟ್ಟ ಕೊಳವೆಯಿಂದ. ಸ್ವಲ್ಪ ಓಕರಿಕೆ. ಹೊಟ್ಟೆಯ ನೋವಿಗಿಂತ ನನ್ನನ್ನು ಗಾಬರಿಗೊಳಿಸಿದ್ದು ಬಲ ಭುಜದ ನೋವು. ‘ಹೊಟ್ಟೆಗೆ ಆಪರೇಷನ್, ಭುಜ ಯಾಕೆ ನೋಯುತ್ತದೆ?’ ಎಂದು ನರ್ಸನ್ನು ಕೇಳಿದೆ. ತುಂಬಿದ ಗಾಳಿ ವಪೆಯನ್ನು ಕೆಣಕುತ್ತದೆ, ವಪೆಯ ನರವೂ ಭುಜದ ನರವೂ ಕುತ್ತಿಗೆಯ ಒಂದೇ ಕಡೆಯಿಂದ ಬರುವುದರಿಂದ ನೋವು ಅಲ್ಲಿ ಕಾಣಿಸುತ್ತದೆ ಎಂದು ಆಕೆ ಬಿಡಿಸಿ ಹೇಳಿ, ಕೈಹಿಡಿದು ಎಬ್ಬಿಸಿದಳು. ‘ನಡೀರಮ್ಮ, ನಡೆದಷ್ಟೂ ಕಡಿಮೆಯಾಗುತ್ತೆ.’ ಆ ಸಂಜೆ ಕಿಟಕಿಯವರೆಗೆ ಹನ್ನೆರಡು ಹೆಜ್ಜೆ. ಮರುದಿನ ಕಾರಿಡಾರಿನ ತುದಿಯವರೆಗೆ. ಮೂರನೆಯ ದಿನಕ್ಕೆ ಭುಜದ ನೋವು ಮಾಯವಾಗಿತ್ತು. ಮೂರು ಚೆಂಡಿನ ಉಸಿರಾಟದ ಆಟಿಕೆ ಕೊಡುತ್ತಾರೆ, ಬೇಸರಿಸದೆ ಎಳೆಯಿರಿ, ಶ್ವಾಸಕೋಶ ಅರಳಲು ಅದು ಬೇಕು. ಕೆಮ್ಮು, ಸೀನು ಬಂದರೆ, ಹಾಸಿಗೆಯಿಂದ ಏಳುವಾಗ, ಆ ಪುಟ್ಟ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಿರಿ. ಏಳುವಾಗ ನೆಟ್ಟಗೆ ಏಳಬೇಡಿ, ಮಗ್ಗುಲಾಗಿ ಮೊಣಕೈ ಊರಿ ಏಳಿ. ತೊಡಕಿಲ್ಲದಿದ್ದರೆ ಮರುದಿನವೇ ಮನೆಗೆ ಕಳಿಸುತ್ತಾರೆ.

ನನ್ನ ಕಲ್ಲುಗಳನ್ನು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಎಣಿಸಿದೆ, 27. ಹಳದಿ ಬೆರೆತ ಕಂದು ಬಣ್ಣ. ಒಂದನ್ನೊಂದು ಉಜ್ಜಿಕೊಂಡು ಬೆಳೆದು ಮುಖಗಳೆಲ್ಲ ನುಣುಪಾಗಿ, ಪಟ್ಟೆ ಹೊಡೆದಂತಾಗಿದ್ದವು. ದೊಡ್ಡದು ಅವರೆಕಾಳಿನಷ್ಟು, ಚಿಕ್ಕವು ಸಾಸಿವೆಗಿಂತ ಸ್ವಲ್ಪ ದಪ್ಪ. ನನ್ನನ್ನು ಸಾವಿನ ಹತ್ತಿರಕ್ಕೆ ಕೊಂಡೊಯ್ದದ್ದು ಅವರೆಕಾಳಲ್ಲ, ಆ ಸಾಸಿವೆಯಂಥದ್ದು. ಚಿಕ್ಕ ಕಲ್ಲೇ ಜಾರಿ ನಾಳಕ್ಕೆ ಇಳಿಯುವುದು ಸುಲಭ. ‘9 ಮಿಲಿಮೀಟರ್ ತಾನೇ’ ಎಂದು ನೀವು ಬರೆದಿದ್ದಕ್ಕೆ ಈ ಮಾತು.

ಮನೆಗೆ ಬಂದ ಮೇಲಿನ ಊಟ. ಮೊದಲೆರಡು ದಿನ ಗಂಜಿ, ಬೆಣ್ಣೆ ತೆಗೆದ ಮಜ್ಜಿಗೆ, ತಿಳಿಸಾರು. ಆಮೇಲೆ ಮೆತ್ತನೆಯ ಅನ್ನ, ಇಡ್ಲಿ, ಹೀರೇಕಾಯಿ, ಸೋರೆಕಾಯಿ. ನಿಮ್ಮೂರಿನ ತಂಬುಳಿಗಳು ಈ ಹೊತ್ತಿಗೆ ಹೇಳಿ ಮಾಡಿಸಿದಂತಿವೆ, ಕಾಯಿ ಕಡಿಮೆ ಹಾಕಿಸಿ, ತುಪ್ಪದ ಒಗ್ಗರಣೆ ಬಿಡಿಸಿ. ಮೂರು ದೊಡ್ಡ ಊಟದ ಬದಲು ಐದು ಸಣ್ಣ ಊಟ. ಕೆಲವರಿಗೆ ಕೆಲವು ವಾರ ಹೊಟ್ಟೆ ಉಬ್ಬರಿಸುತ್ತದೆ, ತಿಂದ ಕೂಡಲೇ ಬಹಿರ್ದೆಸೆಗೆ ಅವಸರವಾಗುತ್ತದೆ. ತಡೆದು ಇಳಿಯಬೇಕಾದ ಪಿತ್ತರಸ ನೇರ ಇಳಿಯುತ್ತಿರುವುದರ ಫಲ ಅದು. ಬಹಳ ಜನರಿಗೆ ತಾನಾಗಿ ಹೋಗುತ್ತದೆ, ಹೋಗದಿದ್ದರೆ ಔಷಧಿಯಿದೆ, ನಾಚಿಕೆಪಟ್ಟು ಸಹಿಸಬೇಡಿ. ನೋವಿನ ಮಾತ್ರೆಗಳಿಂದ ಮಲಬದ್ಧತೆಯೂ ಆಗಬಹುದು, ನೀರು ಕುಡಿಯಿರಿ, ನಡೆಯಿರಿ. ಜಿಡ್ಡನ್ನು ಒಂದೊಂದೇ ಚಮಚವಾಗಿ ಮರಳಿ ತನ್ನಿ. ಜೀವಮಾನವಿಡೀ ಪಥ್ಯ ಎಂಬುದು ಸುಳ್ಳು. ನಾನು ಈ ಯುಗಾದಿಗೆ ಒಬ್ಬಟ್ಟು ತಿಂದಿದ್ದೇನೆ, ತುಪ್ಪ ಹಾಕಿಕೊಂಡೇ.

ಗಾಯದ ಜಾಗಗಳನ್ನು ಒಣಗಿಸಿ ಇಟ್ಟುಕೊಳ್ಳಿ. ಸ್ನಾನ ಯಾವತ್ತಿನಿಂದ ಎಂದು ಡಿಸ್ಚಾರ್ಜ್ ದಿನವೇ ಕೇಳಿ, ಹೆಚ್ಚಾಗಿ ಒಂದೆರಡು ದಿನದ ಮೇಲೆ ಮೈಗೆ ನೀರು ಹುಯ್ದುಕೊಳ್ಳಲು ಬಿಡುತ್ತಾರೆ. ಅರಿಶಿನ, ಕೊಬ್ಬರಿ ಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಹೊಲಿಗೆಯ ಮೇಲೆ ಹಚ್ಚಗೊಡಬೇಡಿ. ದೀಪಾವಳಿಯ ಎಣ್ಣೆಸ್ನಾನ ಈ ಸಲ ತಲೆಗೆ ಮಾತ್ರ.

ಜ್ವರ, ಚಳಿ, ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣ, ಮಲ ಬಿಳಿಚಿಕೊಳ್ಳುವುದು, ದಿನದಿಂದ ದಿನಕ್ಕೆ ಕಡಿಮೆಯಾಗಬೇಕಾದ ಹೊಟ್ಟೆನೋವು ಏರುವುದು, ನಿಲ್ಲದ ವಾಂತಿ, ಗಾಯದಿಂದ ಕೀವು, ಮೀನಖಂಡದಲ್ಲಿ ಊತ ಮತ್ತು ನೋವು, ಉಸಿರು ಕಟ್ಟುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ಈ ಸಾಲುಗಳನ್ನು ಬೇರೆ ಹಾಳೆಗೆ ಇಳಿಸಿ ಮನೆಯವರ ಕೈಯಲ್ಲೂ ಕೊಡಿ.

ಇನ್ನು ಉಳಿದದ್ದು ವಿಶ್ರಾಂತಿ. ಇದೇ ಕಷ್ಟದ್ದು. ಹೊರಗೆ ನಾಲ್ಕು ಚುಕ್ಕೆಯಷ್ಟೇ ಗಾಯ ಕಾಣುವುದರಿಂದ ಮನೆಯವರಿಗೆ ‘ಇಷ್ಟೇನಾ’ ಅನ್ನಿಸುತ್ತದೆ, ನಮಗೂ ಅನ್ನಿಸುತ್ತದೆ. ಹತ್ತನೆಯ ದಿನ ನನಗೆ ಎಲ್ಲ ಸರಿಹೋದಂತೆನಿಸಿ ತುಂಬಿದ ಬಕೆಟ್ ಎತ್ತಿದೆ. ಹೊಕ್ಕುಳಲ್ಲಿ ಚುಳ್ ಎಂದು ನಾಲ್ಕು ದಿನ ಮತ್ತೆ ಮಲಗಬೇಕಾಯಿತು. ಒಳಗಿನ ಹೊಲಿಗೆ ಬಲಿಯಲು ವಾರಗಳು ಬೇಕು, ಅವಸರಿಸಿದರೆ ಅಲ್ಲಿ ಹರ್ನಿಯಾ ಬರಬಹುದು. ನಡೆದಾಟ ಮೊದಲ ದಿನದಿಂದಲೇ ಇರಲಿ. ಕೂತು ಮಾಡುವ ಕೆಲಸ ಒಂದೆರಡು ವಾರದಲ್ಲಿ ಶುರುಮಾಡಬಹುದು. ಭಾರ ಎತ್ತುವುದು ಮಾತ್ರ ನಾಲ್ಕರಿಂದ ಆರು ವಾರ ಬೇಡ. ಬಚ್ಚಲ ಹಂಡೆಗೆ ನೀರು, ಹುಲ್ಲಿನ ಹೊರೆ, ಹಸಿ ಅಡಿಕೆಯ ಬುಟ್ಟಿ, ಗ್ಯಾಸ್ ಸಿಲಿಂಡರ್ ಯಾವುದನ್ನೂ ಮುಟ್ಟಬೇಡಿ. ಸ್ಕೂಟರ್ ಕೂಡ ವೈದ್ಯರು ಹೇಳಿದ ಮೇಲೆಯೇ.

ಮನೆಯವರನ್ನು ಈಗಲೇ ಕೂರಿಸಿಕೊಂಡು ಕೆಲಸ ಹಂಚಿ. ಯಾರು ಹಾಲು ಕರೆಯುತ್ತಾರೆ, ಯಾರು ಹಂಡೆಗೆ ನೀರು ತುಂಬುತ್ತಾರೆ, ಅಡಿಕೆ ಇಳಿಸುವ ಕೊನೆಗಾರರು ಬಂದಾಗ ಅವರ ಊಟ ಯಾರದು. ಸುಲಿಯಲು ಒಂದಿಬ್ಬರು ಹೆಚ್ಚಿನ ಆಳು ಹೇಳಲು ಮನೆಯವರಿಗೆ ತಿಳಿಸಿ. ನಿಮ್ಮ ಮಗಳು ಪರೀಕ್ಷೆಗೆ ಓದಬೇಕು, ನಿಜ. ಫೆಬ್ರುವರಿಯ ಒಂದು ರಾತ್ರಿ ಅಮ್ಮನನ್ನು ಸಾಗರದಿಂದ ಶಿವಮೊಗ್ಗಕ್ಕೆ ಕರೆದೊಯ್ಯುವ ಕಾರಿನ ಹಿಂದಿನ ಸೀಟಿನಲ್ಲಿ ಆ ಹುಡುಗಿ ಕೂತಿರುವುದಕ್ಕಿಂತ, ಈಗ ಹದಿನೈದು ದಿನ ತಾನೇ ಗಂಜಿ ಕಾಯಿಸಿಕೊಡುವುದು ಅವಳ ಓದಿಗೂ ಒಳ್ಳೆಯದು.

ಒಂದನ್ನು ಮರೆಯಬೇಡಿ. ತೆಗೆದ ಪಿತ್ತಕೋಶವನ್ನು ಬಯಾಪ್ಸಿ ಪರೀಕ್ಷೆಗೆ ಕಳಿಸುತ್ತಾರೆ. ಅಪರೂಪಕ್ಕೆ ಅಲ್ಲಿ ಕ್ಯಾನ್ಸರಿನ ಸುಳಿವು ಸಿಗುವುದುಂಟು, ಆಗ ಬೇಗ ತಿಳಿದಷ್ಟೂ ಒಳ್ಳೆಯದು. ಹೊಲಿಗೆ ತೋರಿಸಲು ಹೋದಾಗ ಆ ರಿಪೋರ್ಟನ್ನು ಕೇಳಿ ಪಡೆದು ಫೈಲಿನಲ್ಲಿಡಿ.

ಇವತ್ತಿನಿಂದ ದೀಪಾವಳಿಗೆ ಮೂರು ವಾರಕ್ಕೆ ಒಂದೆರಡು ದಿನ ಕಡಿಮೆ. ಈ ವಾರ ದಾಖಲಾದರೆ ದೊಡ್ಡ ಹಬ್ಬದ ಹೊತ್ತಿಗೆ ಜಗಲಿಯ ಮೇಲೆ ಕೂತು ಗೋಪೂಜೆ ನೋಡುತ್ತೀರಿ, ಕೊಯ್ಲು ಭರದಲ್ಲಿ ನಡೆಯುವ ಹೊತ್ತಿಗೆ ಅಂಗಳದಲ್ಲಿ ಓಡಾಡುತ್ತೀರಿ. ಕಾಗದವನ್ನು ಮಡಿಸಿಡುವ ಮೊದಲು ಆ ಸರ್ಜನ್ ಅವರಿಗೆ ಫೋನ್ ಮಾಡಿ ದಿನ ಗೊತ್ತುಮಾಡಿ. ದಿನಾಂಕವನ್ನು ನನಗೂ ತಿಳಿಸಿ. ಆ ಬೆಳಿಗ್ಗೆ ನಾನು ನಿಮ್ಮ ಫೋನಿಗಾಗಿ ಕಾಯುತ್ತಿರುತ್ತೇನೆ.

ನಿಮ್ಮ ಪ್ರೀತಿಯ
ಗೆಳತಿ